ಬೋರಲು ಹಾಕಿದ ಲೋಟ

ಅಪ್ಪ ಬಸ್ಸಿನ ಡ್ರೈವರಿಗೂ ಕೈ ಮುಗಿದ. ಸುಮ್ಮನೆ ಮುಗಿದು ಇಳಿದಿದ್ದರೆ ಆಗುತ್ತಿತ್ತು. ನಡುವಿನ ಬಾಗಿಲಲ್ಲಿ ಇಳಿಯಬೇಕಾದವನು ಮುಂದಿನವರೆಗೂ ನಡೆದುಹೋಗಿ, ಸ್ಟಿಯರಿಂಗ್ ಹಿಡಿದು ಕೂತಿದ್ದ ಹೆಂಗಸಿನ ಮುಂದೆ ತಲೆ ಬಾಗಿಸಿ, 'ಬತ್ತೀನಿ ಕಣವ್ವ, ತಣ್ಣಗಿರು' ಅಂದ. ಆಕೆ ಏನೂ ಅರ್ಥವಾಗದೆ ನಕ್ಕು ಕೈಯೆತ್ತಿದಳು. ಬಸ್ಸಿನಲ್ಲಿದ್ದವರೆಲ್ಲ ಕಾದರು. ಯಾರೂ ಗೊಣಗಲಿಲ್ಲ, ಈ ಊರಲ್ಲಿ ಯಾರೂ ಗೊಣಗುವುದಿಲ್ಲ, ಉಮಾಕಾಂತನಿಗೆ ಅದೇ ಹೆಚ್ಚು ಹಿಂಸೆ. ಅಪ್ಪ ಸ್ವೀಡನ್ನಿನ ಈ ಲಿಂಕೋಪಿಂಗಿಗೆ ಬಂದು ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಊರಿನ ಅರ್ಧ ಜನಕ್ಕೆ ಕೈ ಮುಗಿದಾಗಿದೆ. ಸೈಕಲ್ ನಿಲ್ಲಿಸಿ ದಾರಿ ಬಿಟ್ಟ ಕಾಲೇಜು ಹುಡುಗನಿಗೆ, ಜ್ವರ ನೋಡಿದ ನರ್ಸಮ್ಮನಿಗೆ, ಒಂದು ದಿನವಂತೂ ಅಂಗಡಿಯ ಮುಂದೆ ತನ್ನಷ್ಟಕ್ಕೆ ತಾನೇ ತೆರೆದುಕೊಂಡ ಗಾಜಿನ ಬಾಗಿಲಿಗೆ. 'ಅಪ್ಪಾ, ಅದು ಮಿಷಿನ್ನು' ಅಂದರೆ, 'ಇರ್ಲಿ ಬಿಡೋ, ತೆಗೀತಲ್ಲ' ಅಂದಿದ್ದ. ಮಗಳು ಇಶಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಹನ್ನೆರಡು ವರ್ಷದ ಆ ಹುಡುಗಿಗೆ ತಾತನ ಕೈ ಮುಗಿಯುವಿಕೆ ಒಂದು ಚಂದದ ಆಟ. ಉಮಾಕಾಂತನಿಗೆ ಮಾತ್ರ ಆ ಜೋಡಿಸಿದ ಕೈಗಳನ್ನು ಕಂಡಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ಆ ಕೈಗಳು ಮೊದಲು ಯಾರ ಮುಂದೆ ಜೋಡಿಸುವುದನ್ನು ಕಲಿತವು ಎಂಬುದು ಅವನಿಗೆ ಗೊತ್ತು.

ಇವತ್ತು ಅಪ್ಪನನ್ನು ಆಫೀಸಿಗೆ ಕರೆತರದೆ ವಿಧಿಯಿರಲಿಲ್ಲ. ಇಶಾಳಿಗೆ ಶರತ್ಕಾಲದ ರಜೆ, ಹೆಂಡತಿ ಮಾಲತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಇವರಿಬ್ಬರನ್ನೇ ಮನೆಯಲ್ಲಿ ಬಿಟ್ಟು ಬರಬಹುದಿತ್ತು, ಆದರೆ ಅವನ ಟೀಮಿನ ಹಿರಿಯಳು ಗುನಿಲ್ಲಾ, 'ಶುಕ್ರವಾರದ ಫೀಕಾಕ್ಕೆ ನಿನ್ನ ಅಪ್ಪನನ್ನು ಕರೆದುಕೊಂಡು ಬಾರದಿದ್ದರೆ ನಾನೇ ನಿಮ್ಮ ಮನೆಗೆ ಬರುತ್ತೇನೆ' ಎಂದು ಎಲ್ಲರೆದುರು ಹೇಳಿಬಿಟ್ಟಿದ್ದಳು. ಫೀಕಾ ಅಂದರೆ ಕಾಫಿಯಷ್ಟೇ ಅಲ್ಲ. ಕೆಲಸ ಬದಿಗಿಟ್ಟು, ಬಾಸು ಜವಾನ ಎನ್ನದೆ ಒಂದೇ ಮೇಜಿನ ಸುತ್ತ ಕೂತು, ಚಕ್ಕೆ ಹಾಕಿದ ಬನ್ನು ಮುರಿಯುತ್ತ ಹರಟಬೇಕು. ಹರಟೆಯ ಭಯವಿರಲಿಲ್ಲ ಅವನಿಗೆ, ಅಪ್ಪನಿಗೆ ಇಂಗ್ಲಿಷು ಬಾರದು. ಭಯವಿದ್ದದ್ದು ಕಾಫಿ ಮುಗಿದ ಮೇಲಿನ ಒಂದು ಗಳಿಗೆಗೆ. ಅಪ್ಪ ಏಳುತ್ತಾನೆ, ಲೋಟ ತೊಳೆಯುತ್ತಾನೆ, ತೊಳೆದ ಲೋಟವನ್ನು ಉಳಿದವುಗಳ ಜೊತೆ ಇಡುವುದಿಲ್ಲ, ಹೊರಗೆಲ್ಲೋ ಒಂದು ಮೂಲೆ ಹುಡುಕಿ ಬೋರಲು ಹಾಕುತ್ತಾನೆ. ಮನೆಯಲ್ಲೂ ಹಾಗೇ. ಮಾಲತಿ ಎಷ್ಟು ಸಲ ಬಾಲ್ಕನಿಯಿಂದ ಎತ್ತಿ ತಂದು ಒಳಗಿಟ್ಟಿಲ್ಲ! ಮಾಲತಿಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಆಫೀಸಿನ ಇನ್ನೊಬ್ಬ ಕನ್ನಡಿಗ ಅವಿನಾಶನಿಗೆ ಗೊತ್ತಿಲ್ಲ, ಮಗಳಿಗೆ ಗೊತ್ತಿಲ್ಲ. ಪಿಳ್ಳಪ್ಪ ಎಂಬ ಈ ಅಪ್ಪ ಆನೇಕಲ್ ಕಡೆಯ ಒಂದು ಹಳ್ಳಿಯಲ್ಲಿ, ಮೀಸೆ ಚಿಗುರುವ ವಯಸ್ಸಿನ ತನಕ, ಪಟೇಲರ ಮನೆಯಲ್ಲಿ ಜೀತಕ್ಕಿದ್ದವನು.

ಪಟೇಲರ ಕೊಟ್ಟಿಗೆಯ ಸೂರಿನಲ್ಲಿ ಅಲ್ಯೂಮಿನಿಯಂ ಲೋಟ ಸಿಕ್ಕಿಸಿರುತ್ತಿದ್ದರು. ಅದನ್ನು ಉಮಾಕಾಂತ ಕಂಡದ್ದು ಜೀತ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಹಬ್ಬದ ದಿನವೊಂದರಲ್ಲಿ. ಅಪ್ಪ ಆಗ ಪಟೇಲರ ಆಳಲ್ಲ, ಇಟ್ಟಿಗೆ ಗೂಡಿನ ಮೇಸ್ತ್ರಿ. ಆದರೂ ಹಬ್ಬಕ್ಕೆ ಹೋದ, ಮಗನನ್ನೂ ಕರೆದುಕೊಂಡು ಹೋದ. ಪಟೇಲರ ಸೊಸೆ ಮೇಲಿನಿಂದ ಕಾಫಿ ಹುಯ್ದಳು. ಅಪ್ಪ ಕುಡಿದು, ತೊಳೆದು, ಲೋಟವನ್ನು ಬೋರಲಾಗಿ ಸೂರಿಗೆ ಸಿಕ್ಕಿಸಿ, 'ನಿಂದೂ ತೊಳ್ಕೊಡ್ಲಾ' ಅಂದ. ಉಮಾಕಾಂತ ಲೋಟವನ್ನು ಗಂಜಲದ ಕಾಲುವೆಯ ಪಕ್ಕ ಕುಕ್ಕಿ ಎದ್ದುಬಂದ. ತಿರುಗಿ ನೋಡಿದರೆ ಅಪ್ಪ ಬಗ್ಗಿ ಅದನ್ನೂ ತೊಳೆಯುತ್ತಿದ್ದ. ಸರ್ಕಾರ ಬಿಡಿಸಿತಂತೆ, ಏನನ್ನು ಬಿಡಿಸಿತು ಮಣ್ಣು! ಅವತ್ತಿನಿಂದ ಉಮಾಕಾಂತ ಹೊರಗೆಲ್ಲೂ ತಾನು ಕುಡಿದ ಲೋಟ ತೊಳೆದಿಲ್ಲ. ಈ ಆಫೀಸಿನಲ್ಲಿ ಪಾತ್ರೆ ತೊಳೆಯುವ ಯಂತ್ರವಿದೆ, ಆದರೂ ಕಾಫಿ ಲೋಟವನ್ನು ಅವರವರೇ ಕೈಯಲ್ಲಿ ತೊಳೆದಿಡುವುದು ಗುನಿಲ್ಲಾಳ ಕಾಲದಿಂದ ನಡೆದು ಬಂದದ್ದು. ಸಿಂಕಿನ ಮೇಲೆ ಚೀಟಿ ಅಂಟಿಸಿದ್ದಾರೆ: ನಿಮ್ಮಮ್ಮ ಇಲ್ಲಿ ಕೆಲಸಕ್ಕಿಲ್ಲ, ನಿಮ್ಮ ಲೋಟ ನೀವೇ ತೊಳೆಯಿರಿ. ಈ ದೇಶದಲ್ಲಿ ಎಲ್ಲ ಕಡೆ ಇರುವ ಹಳೇ ತಮಾಷೆಯದು. ಅವನು ಅದನ್ನು ಓದಿದಾಗಲೆಲ್ಲ, ಹೌದು, ಅಮ್ಮ ಕೆಲಸಕ್ಕಿದ್ದ ಜಾಗ ಬೇರೆ, ಅಂದುಕೊಂಡು ಲೋಟವನ್ನು ಹಾಗೇ ಸಿಂಕಿನಲ್ಲಿ ಬಿಟ್ಟು ಬರುತ್ತಾನೆ.

ಒಮ್ಮೆ ಗುನಿಲ್ಲಾ ಅವನನ್ನು ಪಕ್ಕಕ್ಕೆ ಕರೆದು, ಬಹಳ ಮೆತ್ತಗೆ, 'ನಿಮ್ಮ ದೇಶದಲ್ಲಿ ಮನೆಗಳಲ್ಲಿ ಆಳುಗಳಿರುತ್ತಾರೆ, ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ನಾವೆಲ್ಲ ಸಮಾನರು' ಅಂದಿದ್ದಳು. ಅವನಿಗೆ ನಗು ಬರಬೇಕಿತ್ತು, ಇಲ್ಲವೇ ಸಿಟ್ಟು. ಎರಡೂ ಬರಲಿಲ್ಲ. ಥೂ, ಹೇಳಿಕೊಳ್ಳಲೂ ನಾಚಿಕೆ, ಒಳಗೆಲ್ಲೋ ಒಂದಿಷ್ಟು ಹಿತವಾಯಿತು. ಆಳುಗಳಿದ್ದ ಮನೆಯವನು! ತಲೆ ತಗ್ಗಿಸಿ 'ಸಾರಿ' ಅಂದ, ಲೋಟ ಮಾತ್ರ ತೊಳೆಯಲಿಲ್ಲ. ಅವಿನಾಶ ತನ್ನ ಲೋಟವನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದ. ಮೈಸೂರಿನ ಮೇಷ್ಟರ ಮನೆತನದ ಹುಡುಗ. 'ನಿಮ್ದು ಆನೇಕಲ್ ಸೈಡ್ ಅಲ್ವಾ ಉಮಾಕಾಂತ್? ಹಾಗಾದ್ರೆ ಜಮೀನು ಎಲ್ಲ ಇರ್ಬೇಕು, ಈಗ ಅಲ್ಲಿ ರೇಟ್ ನೋಡಿದ್ರಾ?' ಎಂದು ಕೇಳಿದ್ದಕ್ಕೆ ಉಮಾಕಾಂತ ಹೌದೂ ಅನ್ನದೆ ಇಲ್ಲವೂ ಅನ್ನದೆ ಕಾಫಿ ಊದಿಕೊಂಡಿದ್ದ. ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ.

ಬೆಳಿಗ್ಗೆ ಮನೆಯಲ್ಲೂ ಅದೇ ಸಮಾಧಾನ. ಇಶಾಳಿಗೆ ಸ್ಕೂಲಿನಿಂದ ರಜೆಯ ಪಾಠ ಕೊಟ್ಟಿದ್ದಾರೆ: ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗಲೇ ಗುಲಾಮರನ್ನು ಬಿಡುಗಡೆ ಮಾಡಿ ಸರ್ಕಾರ ಹೊರಡಿಸಿದ ಆಜ್ಞೆಯ ಬಗ್ಗೆ ಬರೆದು ತಂದು ಮಾತಾಡಬೇಕು. ಯುದ್ಧದ ನಡುವೆ, ಅದೂ ಆಗಲೇ ಯಾಕೆ? ಈ ಪ್ರಶ್ನೆ ಟೀಚರಿನದು. ರೊಟ್ಟಿಗೆ ಬೆಣ್ಣೆ ಹಚ್ಚುತ್ತ ಇಶಾ ಸ್ವೀಡಿಷಿನಲ್ಲಿ ಕೇಳಿದಳು, 'ಪಪ್ಪಾ, ಇಂಡಿಯಾದಲ್ಲಿ ಸ್ಲೇವ್ಸ್ ಇದ್ರಾ? ತಾತಂಗೆ ಕೇಳಿ ಹೇಳು.' ಅಪ್ಪ ಮೊಮ್ಮಗಳ ಬಾಯನ್ನೇ ನೋಡುತ್ತ, 'ಏನಂತೆ ಮಗೀಗೆ?' ಅಂದ. 'ಊಟ ಸರಿಯಾಗಿ ಸೇರ್ತಿದೆಯಾ ಅಂತ ಕೇಳ್ತಾಳೆ' ಅಂದುಬಿಟ್ಟ ಉಮಾಕಾಂತ, ಇಶಾ ಹಾಲು ತರಲು ಎದ್ದ ಗಳಿಗೆ ನೋಡಿ, ದನಿ ತಗ್ಗಿಸಿ. 'ಸೇರ್ತದೆ ಕಣವ್ವ, ಚಂದಾಗಿ ಸೇರ್ತದೆ' ಎಂದು ಅಪ್ಪ ಹಲ್ಲುಬಿಟ್ಟ. ಹಾಲು ಹಿಡಿದು ಬಂದ ಮಗಳಿಗೆ ಉಮಾಕಾಂತ ಸ್ವೀಡಿಷಿನಲ್ಲೇ, 'ತಾತಂಗೆ ಅದೆಲ್ಲ ಗೊತ್ತಿಲ್ವಂತೆ ಪುಟ್ಟಿ' ಅಂದ. ಇಬ್ಬರೂ ನಂಬಿದರು. ಇಬ್ಬರೂ ಅವನ ಮುಖ ನೋಡಿ ನಂಬಿದ್ದೇ ಈಗ ರಸ್ತೆ ದಾಟುವಾಗ ಎದೆಗೆ ಒತ್ತುತ್ತಿತ್ತು. ಮುಂದೆ ತಾತ ಮೊಮ್ಮಗಳು ಕೈ ಕೈ ಹಿಡಿದುಕೊಂಡು ಹಳದಿ ಎಲೆಗಳನ್ನು ಬೇಕಂತಲೇ ಸದ್ದು ಮಾಡಿ ತುಳಿಯುತ್ತ ಹೋಗುತ್ತಿದ್ದರು.

ಫೀಕಾ ಕೋಣೆಯಲ್ಲಿ ಗುನಿಲ್ಲಾ ಎದ್ದು ನಿಂತು ಅಪ್ಪನ ಕೈ ಹಿಡಿದು ಕುಲುಕಿದಳು, ತನ್ನ ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡಳು. ಅಪ್ಪ ಕುರ್ಚಿಯ ತುದಿಯಲ್ಲಿ ಕೂತ. ಅವಿನಾಶ ಬಂದು, 'ನಮಸ್ಕಾರ ಅಂಕಲ್, ಹೇಗಿದ್ದೀರಾ? ಚಳಿ ತಡ್ಕೊಳ್ತಿದ್ದೀರಾ?' ಅಂದದ್ದೇ ತಡ ಅಪ್ಪನ ಮುಖ ಅರಳಿತು. 'ಕನ್ನಡದೋರಾ ಸ್ವಾಮಿ! ದೇವ್ರೇ ಬಂದಂಗಾಯ್ತು' ಎಂದು ಕೈ ಮುಗಿದ. ಸ್ವಾಮಿಯಂತೆ, ಸ್ವಾಮಿ! ಮಗನಿಗಿಂತ ಚಿಕ್ಕವನು ಅವನು. ಉಮಾಕಾಂತ ಬನ್ನಿನ ತಟ್ಟೆಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸಿದ. ಅಪ್ಪನ ಲೋಟ ಅರ್ಧವಾಗಿದೆ. ಬಿಳಿ ಪಿಂಗಾಣಿ ಲೋಟ, ಎಲ್ಲರದೂ ಒಂದೇ ಥರದ್ದು. ಮುಗಿಯುವ ಮೊದಲು ಎಬ್ಬಿಸಿಕೊಂಡು ಹೋಗಿ ಊರು ತೋರಿಸುವ ನೆಪ ಹೇಳಬೇಕು. ಅಷ್ಟರಲ್ಲಿ ಗುನಿಲ್ಲಾ ಇಶಾಳನ್ನು ರಜೆಯಲ್ಲಿ ಏನು ಮಾಡುತ್ತೀಯ ಎಂದು ಕೇಳಿದಳು, ಇಶಾ ತನ್ನ ಪಾಠ ಬಿಚ್ಚಿದಳು. ಯುದ್ಧ ಗೆಲ್ಲೋಕೆ ಬಿಡುಗಡೆ ಮಾಡಿದ್ರಂತೆ, ಒಳ್ಳೇತನಕ್ಕೆ ಅಲ್ವಂತೆ, ಕ್ಲಾಸಲ್ಲಿ ಅರ್ಧ ಜನ ಹಾಗಂತಾರೆ. ಹಾಗಿದ್ರೆ ಬಿಡುಗಡೆಯಾದವರು ಥ್ಯಾಂಕ್ಸ್ ಹೇಳಬೇಕಾ ಬೇಡವಾ?

'ಸರ್ಕಾರದ ಆರ್ಡರ್‌ಗೆ ಯಾರೂ ಥ್ಯಾಂಕ್ಸ್ ಹೇಳಬಾರದು' ಎಂದು ಅವಿನಾಶ ಇಂಗ್ಲಿಷಿನಲ್ಲಿ ಅಂದ. ಅಂದವನ ಧ್ವನಿಯಲ್ಲಿ ಯಾವತ್ತಿನ ಹಗುರವಿರಲಿಲ್ಲ. ಅವನ ತಾತ ಎಪ್ಪತ್ತೈದರ ಎಮರ್ಜೆನ್ಸಿಯಲ್ಲಿ ಜೈಲಿಗೆ ಹೋದವರು, ಅದನ್ನೇ ಹೇಳಿದ. ಕರಪತ್ರ ಹಂಚಿದರು ಅಂತ ಶಾಲೆಯ ಬಾಗಿಲಿಂದಲೇ ಎಳೆದುಕೊಂಡು ಹೋದರಂತೆ. ಬರುವಾಗ ಉಬ್ಬಸ ಹಚ್ಚಿಕೊಂಡು ಬಂದವರು, ಮತ್ತೆ ತರಗತಿಯಲ್ಲಿ ಗಟ್ಟಿಯಾಗಿ ಪಾಠ ಮಾಡಲೇ ಇಲ್ಲ. ಒಂದು ಸಹಿ ಬಿತ್ತು, ದೇಶದ ಬಾಯಿ ಮುಚ್ಚಿತು. ಮೇಜಿನ ಸುತ್ತ ಎಲ್ಲರೂ ಗಂಭೀರವಾದರು. ಉಮಾಕಾಂತನೂ ತಲೆಯಾಡಿಸಿದ. ಎಮರ್ಜೆನ್ಸಿಯ ಬಗ್ಗೆ ಅವನೂ ಸಾಕಷ್ಟು ಓದಿದ್ದಾನೆ, ಅದು ಕೆಟ್ಟ ಕಾಲವೇ. ಆ ಕೆಟ್ಟ ಕಾಲದಲ್ಲೇ, ಆ ಬಗೆಯ ಇನ್ನೊಂದು ಸಹಿ ಬಿದ್ದದ್ದರಿಂದ ತಾನು ಈ ಮೇಜಿನ ಮುಂದೆ ಕೂತಿದ್ದೇನೆ ಎಂಬುದನ್ನು ಮಾತ್ರ ಅವನು ಎಲ್ಲೂ ಬಾಯಿಬಿಟ್ಟು ಹೇಳಿದವನಲ್ಲ. ಯಾರಿಗೆ ಹೇಳಲಿ? ಯಾರ ಮುಂದೆ ಹೇಳಿದರೂ ಒಂದೋ ಅಪ್ಪನಿಗೆ ಅವಮಾನ, ಇಲ್ಲವೇ ಜೈಲಿಗೆ ಹೋದವರಿಗೆ.

ಅಪ್ಪನಿಗೆ ಆ ಇಂಗ್ಲಿಷಿನಲ್ಲಿ ತಿಳಿದದ್ದು ಒಂದೇ ಮಾತು. ಕುರ್ಚಿಯ ತುದಿಯಿಂದ ಇನ್ನೂ ಮುಂದಕ್ಕೆ ಜರುಗಿದ. 'ಎಮರ್ಜೆನ್ಸಿನಾ? ಎಮರ್ಜೆನ್ಸಿ ಸುದ್ದಿ ಮಾತಾಡ್ತವ್ರಾ? ಲೋ ಉಮಾ, ಹೇಳೋ ಇವ್ರಿಗೆ. ನಾನು ಜೀತದಿಂದ ಬಿಡುಗಡೆಯಾಗಿದ್ದು ಆವಾಗ್ಲೇ ಅಂತ ಹೇಳೋ.'

ಅವಿನಾಶನ ಬನ್ನು ಬಾಯಿಯ ಹತ್ತಿರವೇ ನಿಂತಿತು. ಅವನೊಬ್ಬನಿಗೆ ಅರ್ಥವಾಗಿತ್ತು. ಅವನು ಉಮಾಕಾಂತನನ್ನು ನೋಡಿದ, ತಕ್ಷಣ ಕಣ್ಣು ತಗ್ಗಿಸಿ ಫೋನಿನಲ್ಲಿ ಏನೋ ಹುಡುಕುವವನಂತೆ ಮಾಡಿದ. ಆ ಸೌಜನ್ಯ ಉಮಾಕಾಂತನಿಗೆ ಕೆನ್ನೆಗೆ ಹೊಡೆದಷ್ಟು ನೋಯಿತು. ಅವನು ಯಾರಿಗೂ ಹೇಳುವುದಿಲ್ಲ, ಜಮೀನಿನ ರೇಟೂ ಇನ್ನು ಮೇಲೆ ಕೇಳುವುದಿಲ್ಲ. ಎಲ್ಲ ಮುಚ್ಚಿಹೋಗುತ್ತದೆ. 'ಅಪ್ಪ ಆಗ ಹೊಲದಲ್ಲಿ ಕೆಲಸ ಮಾಡ್ತಿದ್ದರಂತೆ' ಎಂದು ಗುನಿಲ್ಲಾಳಿಗೆ ಹೇಳಿದರೆ ಮುಗಿಯಿತು, ಅದೂ ಸುಳ್ಳಲ್ಲ. 'ಪಪ್ಪಾ, ತಾತ ಏನಂದ್ರು?' ಎಂದಳು ಇಶಾ, ಮೊದಲು ಸ್ವೀಡಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಬೆಳಗಿನ ಅದೇ ನಂಬಿಕೆಯ ಮುಖ. ಆ ಮುಖಕ್ಕೆ ಒಂದೇ ದಿನದಲ್ಲಿ ಎರಡು ಸಲ ಸುಳ್ಳು ಹೇಳುವ ಶಕ್ತಿ ಅವನಿಗಿರಲಿಲ್ಲ. ಧೈರ್ಯ ಅಂತ ಯಾರಾದರೂ ಅಂದುಕೊಂಡರೆ ತಪ್ಪು, ಅದು ಸುಸ್ತು.

'ಬೆಳಿಗ್ಗೆ ನಾನು ನಿಂಗೆ ಸುಳ್ಳು ಹೇಳ್ದೆ ಪುಟ್ಟಿ' ಅಂದ. ಆಮೇಲೆ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ, ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಹೇಳಿದ: ಯಾವ ಕಾಲದ್ದೋ ಸಾಲಕ್ಕೆ ನನ್ನ ಅಪ್ಪನನ್ನು ಎಳೆಯ ಹುಡುಗನಾಗಿದ್ದಾಗಲೇ ಒಂದು ಮನೆಗೆ ಕೊಟ್ಟಿದ್ದರು. ಕೂಲಿ ಇಲ್ಲ, ಬಿಟ್ಟು ಹೋಗುವಂತಿಲ್ಲ, ದನಗಳ ಜೊತೆ ಮಲಗಬೇಕು. ಎಪ್ಪತ್ತೈದರಲ್ಲಿ ಸರ್ಕಾರ ಒಂದು ಆಜ್ಞೆ ಹೊರಡಿಸಿ ಅಂಥವರನ್ನೆಲ್ಲ ಬಿಡಿಸಿತು. ಅದೇ ಎಮರ್ಜೆನ್ಸಿಯಲ್ಲಿ. ನಮ್ಮ ಮನೆಯಲ್ಲಿ ಆಳುಗಳಿರಲಿಲ್ಲ ಗುನಿಲ್ಲಾ, ನಾವೇ ಆಳುಗಳು. ಮಾತು ಮುಗಿದಾಗ ಬೆನ್ನು ಬೆವೆತಿತ್ತು. ಗುನಿಲ್ಲಾಳ ಮುಖ ಕೆಂಪಾಯಿತು. ಅಪ್ಪ ಮಾತ್ರ ಮಗನ ಇಂಗ್ಲಿಷನ್ನು ಹಾಡು ಕೇಳಿದ ಹಾಗೆ ಕೇಳುತ್ತಿದ್ದವನು, 'ರೇಡಿಯೋದು ಹೇಳ್ದಾ?' ಅಂದ.

ರೇಡಿಯೋದು ಉಮಾಕಾಂತನಿಗೂ ಗೊತ್ತಿರಲಿಲ್ಲ. ಅವನು ಅಪ್ಪನನ್ನು ಯಾವತ್ತೂ ಕೇಳಿರಲೇ ಇಲ್ಲ.

'ಪಟೇಲ್ರು ಜಗಲಿ ಮ್ಯಾಲೆ ರೇಡಿಯೋ ಇಟ್ಕೊಂಡು ಕೂತವ್ರೆ. ನಾನು ಅಂಗಳದಾಗೆ ಹಗ್ಗ ಹೊಸೀತಿವ್ನಿ. ಜೀತ ಇನ್ಮ್ಯಾಲೆ ಇಲ್ಲ ಅಂತು ರೇಡಿಯೋ. ಪಟೇಲ್ರು ಟಪ್ಪನೆ ಅದರ ಕಿವಿ ತಿರುವಿದ್ರು. ನಾನು ಅವ್ರ ಮುಖ ನೋಡ್ದೆ, ಅವ್ರು ನನ್ನ ಮುಖ ನೋಡಿದ್ರು. ಇಬ್ರೂ ಕೇಳಿಸ್ಕೊಂಡಿದ್ವಿ, ಇನ್ನೇನು ಮಾಡೋದು? ಆಮೇಲೆ ಜೀಪ್‌ನಾಗೆ ಸಾಹೇಬ್ರು ಬಂದ್ರು, ಹೋಗಪ್ಪ ಮನೆಗೆ ಅಂದ್ರು. ಯಾರಿಗ್ ಕೈ ಮುಗೀಬೇಕು ಅಂತ ತಿಳೀಲಿಲ್ಲ. ಹೋಗೋವಾಗ ರೇಡಿಯೋಕ್ಕೇ ಮುಗ್ದು ಹೋದೆ.' ಅಪ್ಪ ನಕ್ಕ. 'ಮಾರನೇ ದಿನ ಕತ್ಲಾಗೇ ಎಚ್ಚರ ಆಯ್ತು, ಅಭ್ಯಾಸ ನೋಡು. ಎದ್ದು ಕೂತೆ. ಎಲ್ಲಿಗೂ ಹೋಗ್ಬೇಕಾಗಿಲ್ಲ! ಬಿಸ್ಲು ಬರೋಗಂಟ ಗುಡ್ಸಲು ಮುಂದೆ ಸುಮ್ಕೆ ಕೂತಿದ್ದೆ. ನಮ್ಮವ್ವ ಅಳ್ತಿದ್ಲು, ನಾನು ಬಿಸ್ಲು ಕಾಯಿಸ್ಕೊಂತಿದ್ದೆ.'

ಉಮಾಕಾಂತ ಒಂದೊಂದೇ ಮಾತನ್ನು ಇಂಗ್ಲಿಷಿಗೆ ದಾಟಿಸುತ್ತ ಹೋದ. ಬಿಸಿಲಿನ ಹತ್ತಿರ ಬಂದಾಗ ಆ ಮಾತನ್ನು ಎರಡು ಸಲ ಹೇಳಿದ. ಇಷ್ಟು ವರ್ಷ ತನಗೆ ಕಂಡದ್ದು ಸೂರಿನ ಲೋಟವೊಂದೇ. ಈ ಬಿಸಿಲು ಕಂಡೇ ಇರಲಿಲ್ಲವಲ್ಲ. ಇಶಾ ತಾತನ ಮಂಡಿಗೆ ಮಂಡಿ ತಾಗಿಸಿ ಕೂತು, ತನಗೆ ಬರುವ ಕನ್ನಡದಲ್ಲಿ ತಾನೇ ಕೇಳಿದಳು. 'ತಾತ, ಗೌರ್ಮೆಂಟ್ ಯಾಕೆ ಬಿಡ್ತು? ನಿಮ್ಮೇಲೆ ಲವ್ ಇತ್ತಾ, ಇಲ್ಲಾ ಅವರಿಗೆ ಬೇಕಿತ್ತಾ?'

'ಅದೆಲ್ಲ ನಂಗೆ ತಿಳೀದು ಕಣವ್ವ. ಬಾಗಿಲು ತೆಗೆದೋನು ಯಾಕ್ ತೆಗ್ದ ಅಂತ ಒಳಗಿದ್ದೋನು ಕೇಳ್ಕೊಂಡು ಕೂತ್ರೆ ಎಂಗೆ? ಮುಚ್ಕೊಂಡ್ಬಿಟ್ರೆ? ಮೊದ್ಲು ಈಚೆಗ್ ಬರ್ಬೇಕು. ಬಂದ್ಮ್ಯಾಲೆ ಕೈ ಮುಗಿಯೋದಕ್ಕೇನು ಖರ್ಚೈತೆ?'

ಅವಿನಾಶ ಫೋನು ಕೆಳಗಿಟ್ಟ. 'ಅಂಕಲ್' ಅಂದ. 'ಅದೇ ಟೈಮಲ್ಲಿ ನಮ್ ತಾತನ್ನ ಜೈಲಿಗೆ ಹಾಕಿದ್ರು. ಅದಕ್ಕೇ ನಾನು... ನಮ್ಮನೇಲಿ ಆ ವರ್ಷದ ಹೆಸರೆತ್ತಿದ್ರೆ ಅಜ್ಜಿ ಎದ್ದು ಒಳಗೆ ಹೋಗ್ಬಿಡೋರು.'

'ಅಯ್ಯೋ ಶಿವನೇ' ಎಂದ ಅಪ್ಪ, ಬನ್ನು ತಟ್ಟೆಗಿಟ್ಟು. 'ನಮ್ಮಂಥೋರು ಈಚೆಗೆ ಬಂದಾಗ ಅವ್ರು ಒಳಕ್ ಹೋದ್ರಾ! ಹೊಟ್ಟೆಗಾದ್ರೂ ಸರಿಯಾಗಿ ಹಾಕ್ತಿದ್ರಾ ಸ್ವಾಮಿ ಅಲ್ಲಿ? ಹೊದಿಯಾಕೆ ಕೊಟ್ಟಿದ್ರಾ?' ಅದು ಬಾಯಿಮಾತಿನ ಕನಿಕರವಾಗಿರಲಿಲ್ಲ. ಹೊದಿಕೆಯಿಲ್ಲದೆ ಮಲಗಿದವನು ಕೇಳುವ ಪ್ರಶ್ನೆ. ಅವಿನಾಶನ ಕಣ್ಣು ತುಂಬಿತು. 'ಗೊತ್ತಿಲ್ಲ ಅಂಕಲ್, ನಾವು ಕೇಳ್ಲೇ ಇಲ್ಲ' ಅಂದ. ಉಮಾಕಾಂತ ಅವನನ್ನು ನೋಡಿದ. ತಾನೂ ಕೇಳದವನೇ. ಇಷ್ಟು ವರ್ಷ ಒಂದೇ ಮೇಜಿನಲ್ಲಿ ಕೂತರೂ ಇವತ್ತೇ ಮೊದಲ ಸಲ ಅವನ ಬಗ್ಗೆ ಸಿಟ್ಟಿರಲಿಲ್ಲ.

ಅಷ್ಟರಲ್ಲಿ ಅಪ್ಪ ಎದ್ದೇಬಿಟ್ಟ. ಕಾಫಿ ಮುಗಿದಿತ್ತು. ಲೋಟ ಹಿಡಿದು ಸಿಂಕಿನ ಕಡೆ ಹೊರಟ. ಉಮಾಕಾಂತ ಬೆಳಗಿನಿಂದ ಹೆದರುತ್ತಿದ್ದ ಗಳಿಗೆ ಬಂತು. ಅವನು ಧಡಕ್ಕನೆ ಎದ್ದು ಹಿಂದೆಯೇ ಹೋದ. ಅಪ್ಪ ನಲ್ಲಿ ತಿರುಗಿಸಿ, ಪಕ್ಕದಲ್ಲಿ ತನ್ನ ಲೋಟ ತೊಳೆಯುತ್ತಿದ್ದ ಗುನಿಲ್ಲಾಳನ್ನು ಕಣ್ಣರಳಿಸಿ ನೋಡಿ, ಪಿಸುಗುಟ್ಟಿದ: 'ಲೋ, ಇಲ್ಲಿ ದೊಡ್ಡೋರೂ ತಮ್ಮ ಲೋಟ ತಾವೇ ತೊಳೀತಾರಲ್ಲೋ! ನೀನೂ ತೊಳೀತೀಯಾ?' ಉಮಾಕಾಂತ, 'ಕೊಡಪ್ಪ ಇಲ್ಲಿ' ಎಂದು ಅಪ್ಪನ ಕೈಯಿಂದ ಲೋಟ ತೆಗೆದುಕೊಂಡ. 'ಬ್ಯಾಡ ಬ್ಯಾಡ, ನನ್ನ ಎಂಜ್ಲು' ಎಂದು ಅಪ್ಪ ಎಳೆದ. ಬಿಡಲಿಲ್ಲ. ಬಿಸಿನೀರಿಗೆ ಹಿಡಿದು, ಒಳಗೆ ಬೆರಳು ಹಾಕಿ, ಅಪ್ಪನ ತುಟಿ ತಾಗಿದ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ತೊಳೆದ. ತನ್ನದನ್ನೂ ತಂದು ತೊಳೆದ. ಗುನಿಲ್ಲಾ ನೋಡಿದಳು, ಒರೆಸುವ ಬಟ್ಟೆಯನ್ನು ಅವನ ಹೆಗಲ ಮೇಲೆ ಹಾಕಿದಳು. ಅಷ್ಟಕ್ಕೇ ಅವನಿಗೆ ಅವಳ ಹಳೆಯ ಉಪದೇಶವೆಲ್ಲ ಮರೆತುಹೋಯಿತು.

ತೊಳೆದ ಲೋಟವನ್ನು ಅಪ್ಪ ಮತ್ತೆ ಕೈಗೆ ತೆಗೆದುಕೊಂಡು ಅತ್ತಿತ್ತ ನೋಡಿದ. ಕಿಟಕಿಯ ಹೊರಗಟ್ಟೆ ಕಂಡಿತು. ಆ ಕಡೆ ಹೆಜ್ಜೆಯಿಟ್ಟ. ಉಮಾಕಾಂತ ಬಾಯಿ ತೆರೆಯುವ ಮೊದಲೇ ಇಶಾ ನಡುವೆ ನುಗ್ಗಿ, 'ಅಲ್ಲಿ ಅಲ್ಲ ತಾತ, ಇಲ್ಲಿ' ಎಂದು ಲೋಟ ಕಿತ್ತುಕೊಂಡು ಶೆಲ್ಫಿನಲ್ಲಿ ಉಳಿದವುಗಳ ಜೊತೆ ತಳ್ಳಿಬಿಟ್ಟಳು. ಅವಳಿಗೆ ಸೂರು ಗೊತ್ತಿಲ್ಲ, ಕೊಟ್ಟಿಗೆ ಗೊತ್ತಿಲ್ಲ. ಲೋಟ ಇಡುವ ಜಾಗ ಅದು, ಅಷ್ಟೆ. ಸಾಲು ಸಾಲು ಬಿಳಿ ಲೋಟಗಳು, ಎಲ್ಲವೂ ಬೋರಲು.

'ಅಯ್ಯೋ, ಎಲ್ಲಾ ಒಂದ್ರಾಗೊಂದು ಸೇರಿಸ್ಬಿಟ್ಯಲ್ಲ ಮಗೂ' ಎಂದ ಅಪ್ಪ, ನಿಜವಾಗಿಯೂ ಗಾಬರಿಯಾಗಿ. 'ಇನ್ನು ನಂದು ಯಾವ್ದು ಅಂತ ಎಂಗ್ ಗೊತ್ತಾಗ್ತದೆ?'

'ಗೊತ್ತಾಗಲ್ಲ' ಎಂದಳು ಇಶಾ.

ಮೇಜಿನ ಕಡೆಯಿಂದ ಅವಿನಾಶ ಕಾಫಿಯ ಪಾತ್ರೆಯೆತ್ತಿ ತೋರಿಸಿ, 'ಅಂಕಲ್, ಇನ್ನೊಂದು ರೌಂಡ್?' ಅಂದ. ಇಲ್ಲಿ ಎರಡನೆಯ ಸಲ ಕುಡಿಯದೆ ಎದ್ದರೆ ಕಾಫಿ ಕುಡಿದ ಲೆಕ್ಕಕ್ಕೇ ಇಲ್ಲ. ಅಪ್ಪ ಮಗನ ಮುಖ ನೋಡಿದ. ಉಮಾಕಾಂತ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅಪ್ಪ ಶೆಲ್ಫಿನ ಮುಂದೆ ಹೋಗಿ ನಿಂತ. ಈಗಷ್ಟೇ ತೊಳೆದ ಲೋಟಗಳು ಕೆಳಸಾಲಿನಲ್ಲಿ ಇನ್ನೂ ಒದ್ದೆಯಾಗಿದ್ದವು. ಅವುಗಳಲ್ಲಿ ಒಂದರ ಮೇಲೆ ಅಪ್ಪನ ಕೈ ಹೋಯಿತು, ನಿಂತಿತು, ಹಿಂದಕ್ಕೆ ಬಂತು. ಬಹಳ ಹೊತ್ತು ಹಾಗೇ ನಿಂತಿದ್ದ. ಕೋಣೆಯಲ್ಲಿ ಯಾರೂ ಅವಸರ ಮಾಡಲಿಲ್ಲ, ಯಾರೂ ಗೊಣಗಲಿಲ್ಲ, ಉಮಾಕಾಂತನಿಗೆ ಈ ಊರಿನ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ತಡೆಯಲಾಗಲಿಲ್ಲ. ಕೊನೆಗೆ ಅಪ್ಪ ಹಿಮ್ಮಡಿ ಎತ್ತಿ, ಮೇಲಿನ ಸಾಲಿಗೆ ಕೈ ಚಾಚಿ, ನಡುವಿನಿಂದ ಒಂದು ಒಣ ಲೋಟ ತೆಗೆದುಕೊಂಡ.

'ಇದು ಯಾರ್ದವ್ವ?'

'ಯಾರದೂ ಅಲ್ಲ ತಾತ. ಈಗ ನಿಂದು.'

ಅಪ್ಪ ಲೋಟವನ್ನು ಅಂಗಾತ ತಿರುಗಿಸಿಕೊಂಡು ಮೇಜಿಗೆ ಬಂದ. ಈ ಸಲ ಕುರ್ಚಿಯಲ್ಲಿ ಬೆನ್ನು ಒರಗುವಷ್ಟು ಹಿಂದಕ್ಕೆ ಸರಿದು ಕೂತು, ಕಾಫಿ ಹುಯ್ಯುತ್ತಿದ್ದ ಅವಿನಾಶನಿಗೆ, 'ತುಂಬಾ ಹಾಕಪ್ಪ' ಅಂದ.